ಸೈರನ್ ಹಾಗೆ ಕೂಗು, ನೀಲಿ ಹೊಗೆ, ಎಳೆತ ಇಲ್ಲ: ಟರ್ಬೊ ಪೂರ್ತಿ ಹೊಸತು ಹಾಕಿಸುವುದಾ, ಕೋರ್ ಮಾತ್ರ ಬದಲಿಸುವುದಾ?

ನೀರ್ಚಾಲು ಡೀಸೆಲ್

ಎಲ್ಲರಿಗೂ ನಮಸ್ಕಾರ. ನನ್ನದು 2014ರ ಸಣ್ಣ ಡೀಸೆಲ್ ಕಾರು, 1.3 ಲೀಟರ್, 75 ಪಿಎಸ್ ಎಂಜಿನ್, ಕೆಎಲ್ 14 ನಂಬರು. ಅಪ್ಪ ತೆಗೆದದ್ದು, ಈಗ ನಾನು ಓಡಿಸುತ್ತಿದ್ದೇನೆ. 1,63,000 ಕಿಲೋಮೀಟರ್ ಆಗಿದೆ.

ಎರಡು ತಿಂಗಳಿಂದ ಕುಂಬಳೆಯಿಂದ ಸೀತಾಂಗೋಳಿಗೆ ಹತ್ತುವಾಗ ಸೈರನ್ ಹಾಗೆ ಕೂಗುತ್ತದೆ. ಮೊದಲು ಸಣ್ಣಗೆ ಇತ್ತು, ಈಗ ಗ್ಲಾಸ್ ಏರಿಸಿದರೂ ಕೇಳುತ್ತದೆ. 2,000 ಆರ್‌ಪಿಎಂ ದಾಟಿದ ಮೇಲೆ ಬರುತ್ತಿದ್ದ ಆ ಎಳೆತ ಈಗ ಇಲ್ಲ, ಲಾರಿ ಹಿಂದಿಕ್ಕಲು ಧೈರ್ಯ ಬರುವುದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಅಂಗಳ ತುಂಬಾ ನೀಲಿ ಹೊಗೆ. 1,000 ಕಿಲೋಮೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್ ಆಯಿಲ್ ಹಾಕಬೇಕಾಗುತ್ತದೆ, ಆದರೆ ನೆಲಕ್ಕೆ ಒಂದು ಹನಿಯೂ ಬಿದ್ದದ್ದು ಕಂಡಿಲ್ಲ.

ಕಂಪೆನಿ ಸರ್ವಿಸ್‌ನಲ್ಲಿ ಬಾನೆಟ್ ತೆಗೆದು ಐದೇ ನಿಮಿಷದಲ್ಲಿ ಟರ್ಬೊ (ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಭಾಗ) ಹೋಗಿದೆ ಅಂದರು, ಹೊಸತಿಗೆ ಕೂಲಿ ಸೇರಿ 36,500. ಮಂಗಳೂರಲ್ಲಿ ಟರ್ಬೊ ಕೆಲಸ ಮಾತ್ರ ಮಾಡುವವರು ಕೋರ್, ಅಂದರೆ ಶಾಫ್ಟ್, ಬೇರಿಂಗ್ ಇರುವ ಒಳಭಾಗ ಮಾತ್ರ ಬದಲಿಸಲು 15,000 ಹೇಳಿದ್ದಾರೆ, 6 ತಿಂಗಳ ವಾರಂಟಿ. ಆನ್‌ಲೈನಲ್ಲಿ ಬರೀ ಕೋರ್ 5,800ಕ್ಕೆ ಸಿಗುತ್ತದೆ, ಊರಿನ ಮೆಕ್ಯಾನಿಕ್ ಹಾಕಿಕೊಡುತ್ತೇನೆ ಅನ್ನುತ್ತಾರೆ. ಅಮ್ಮನನ್ನು ತಿಂಗಳಿಗೆ ಎರಡು ಸಲ ದೇರಳಕಟ್ಟೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ದಾರಿಯಲ್ಲಿ ನಿಂತರೆ ಆಗುವುದಿಲ್ಲ. ಯಾವುದು ಮಾಡಿಸಲಿ?

ಉಪ್ಪಳ ಸ್ಪ್ಯಾನರ್

ಹಣದ ಲೆಕ್ಕ ಆಮೇಲೆ ಮಾಡುವ. ಮೊದಲು ಒಂದು ಮಾತು: ಬಿಚ್ಚಿ ನೋಡುವ ತನಕ ಆ ಗಾಡಿಯಲ್ಲಿ ಅಮ್ಮನನ್ನು ಕರೆದುಕೊಂಡು ಹೋಗಬೇಡಿ. ಸುಮ್ನೆ ಹೆದರಿಸಲು ಹೇಳುವುದಲ್ಲ. ಡೀಸೆಲ್ ಎಂಜಿನ್‌ಗೆ ಕಿಡಿ ಬೇಕಾಗಿಲ್ಲ, ಗಾಳಿ ಮತ್ತು ಉರಿಯುವ ಎಣ್ಣೆ ಸಿಕ್ಕಿದರೆ ಸಾಕು. ಟರ್ಬೊದ ಸೀಲ್ ಪೂರ್ತಿ ಹೋಗಿ ಆಯಿಲ್ ಗಾಳಿಯ ಪೈಪಿಗೆ ಸುರಿದರೆ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡಲು ಶುರು ಮಾಡುತ್ತದೆ, ಆಗ ಕೀ ತೆಗೆದರೂ ನಿಲ್ಲುವುದಿಲ್ಲ, ಆರ್‌ಪಿಎಂ ಏರುತ್ತಲೇ ಹೋಗುತ್ತದೆ. ಹಾಗೇನಾದರೂ ಆದರೆ ಕ್ಲಚ್ ಒತ್ತಿ ಗಾಡಿ ನಿಲ್ಲಿಸಿ, ನಾಲ್ಕೋ ಐದೋ ಗೇರಿಗೆ ಹಾಕಿ, ಬ್ರೇಕ್ ಗಟ್ಟಿ ಒತ್ತಿ ಹಿಡಿದು ಕ್ಲಚ್ ಬಿಟ್ಟುಬಿಡಿ. ಎಂಜಿನ್ ಸತ್ತು ನಿಲ್ಲಬೇಕು. ಬಾನೆಟ್ ತೆಗೆದು ಬಗ್ಗಿ ನೋಡಲು ಹೋಗಬೇಡಿ.

ಈಗ ವಿಷಯಕ್ಕೆ ಬರುವ. ನಾನು 18 ವರ್ಷದಿಂದ ಡೀಸೆಲ್ ಗಾಡಿ ಕೆಲಸ ಮಾಡುತ್ತಿದ್ದೇನೆ. ಐದು ನಿಮಿಷದಲ್ಲಿ ಟರ್ಬೊ ಹೋಗಿದೆ ಎಂದು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಎಳೆತ ಹೋಗಿ ಕೂಗು ಬಂದದ್ದು ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ಹೋಸ್ ಒಡೆದದ್ದರಿಂದಲೂ ಇರಬಹುದು, ಕ್ಲಾಂಪ್ ಸಡಿಲ ಆದರೂ ಅದೇ ಲಕ್ಷಣ. ನಿಮ್ಮ ಗಾಡಿ ನೀಲಿ ಹೊಗೆ ಬಿಡುತ್ತದೆ, ಆಯಿಲ್ ತಿನ್ನುತ್ತದೆ ಅಂತ ನನಗೂ ಟರ್ಬೊ ಮೇಲೆಯೇ ಸಂಶಯ, ಆದರೆ ಸಂಶಯದ ಮೇಲೆ 36,500 ಕೊಡುವುದು ಬೇಡ ಅಲ್ವಾ?

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪ್ ಬಿಚ್ಚಿಸಿ. ಒಳಗೆ ಸಣ್ಣ ಫ್ಯಾನ್ ಕಾಣುತ್ತದೆ. ನಡುವಿನ ನಟ್ ಹಿಡಿದು ಆಚೆ ಈಚೆ ಅಲ್ಲಾಡಿಸಿ. ಸ್ವಲ್ಪ ಅಲ್ಲಾಡಿದರೆ ಗಾಬರಿ ಬೇಡ, ಆ ಶಾಫ್ಟ್ ಆಯಿಲಿನ ತೆಳು ಪದರದ ಮೇಲೆ ತೇಲುತ್ತಾ ತಿರುಗುವಂಥದ್ದು, ಎಂಜಿನ್ ನಿಂತಿರುವಾಗ ಸಡಿಲ ಇದ್ದೇ ಇರುತ್ತದೆ. ಆದರೆ ರೆಕ್ಕೆಯ ತುದಿ ಗೋಡೆಗೆ ತಾಗಬಾರದು. ಹಾಗೆಯೇ ಶಾಫ್ಟನ್ನು ಹೊರಗೆ ಎಳೆದು ಒಳಗೆ ದೂಡಿ ನೋಡಿ, ಆ ಕಡೆ ಕೈಗೆ ಗೊತ್ತಾಗುವಷ್ಟು ಆಟ ಇರಲೇಬಾರದು. ಇದ್ದರೆ ಬೇರಿಂಗ್ ಮುಗಿದಿದೆ. ಪೈಪಿನೊಳಗೆ ಆಯಿಲ್ ಪಸೆ ಸ್ವಲ್ಪ ಇದ್ದೇ ಇರುತ್ತದೆ, ಅದು ಎಂಜಿನ್ ಒಳಗಿನ ಹಬೆ ಹೊರಬಿಡುವ ಬ್ರೀದರ್‌ನಿಂದ ಬರುವುದು. ಕೆಸರಿನ ಹಾಗೆ ನಿಂತಿದ್ದರೆ ಬೇರೆ ಮಾತು.

ಇನ್ನೊಂದು ಪರೀಕ್ಷೆ ಬಿಡಲೇಬೇಡಿ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಇರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ತೂತಿನ ಮೇಲೆ ತಲೆಕೆಳಗಾಗಿ ಇಡಿ. ಸಣ್ಣಗೆ ಕುಣಿದರೆ ಪರವಾಗಿಲ್ಲ. ಮುಚ್ಚಳವನ್ನೇ ಎತ್ತಿ ಬಿಸಾಡುವ ಹಾಗೆ ಬುಸುಬುಸು ಅಂತ ಹೊಗೆ ಬಂದರೆ ಒಂದೋ ಪಿಸ್ಟನ್ ರಿಂಗ್ ಸವೆದಿದೆ, ಇಲ್ಲವೇ ಬ್ರೀದರ್ ಕಟ್ಟಿದೆ. ಟರ್ಬೊದಿಂದ ಆಯಿಲ್ ತನ್ನ ಭಾರಕ್ಕೆ ತಾನೇ ಎಂಜಿನ್ ಕೆಳಗಿನ ಆಯಿಲ್ ಚೇಂಬರಿಗೆ ಇಳಿಯಬೇಕು, ಅಲ್ಲಿ ಒತ್ತಡ ತುಂಬಿದ್ದರೆ ಇಳಿಯಲು ಜಾಗವೇ ಸಿಗದೆ ಸೀಲ್ ದಾಟಿ ಹೊರಗೆ ಬರುತ್ತದೆ. ಆಗ 36,500ದ ಹೊಸ ಟರ್ಬೊ ಕೂಡ ಮೊದಲ ದಿನವೇ ಹೊಗೆ ಬಿಡುತ್ತದೆ. ಇದನ್ನು ನೋಡಿ ಬಂದು ಬರೆಯಿರಿ.

ಮುಳ್ಳೇರಿಯದವ

ಆನ್‌ಲೈನ್ ಕೋರ್ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನನ್ನ ಪಿಕಪ್‌ಗೆ ಹಾಕಿಸಿದ್ದೆ, ಅಡಿಕೆ ಮೂಟೆ ಹಾಕಿ ಪುತ್ತೂರಿಗೆ ಹೋಗುವ ಗಾಡಿ. ನಾಲ್ಕು ತಿಂಗಳಲ್ಲಿ ಶಾಫ್ಟ್ ತುಂಡಾಯಿತು. ಕೋರ್ ಕಳಪೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಆಮೇಲೆ ಬಿಚ್ಚಿದಾಗ ಗೊತ್ತಾಯಿತು, ಆಯಿಲ್ ಬರುವ ಸಣ್ಣ ಪೈಪ್ ಹಳೆಯದೇ ಇತ್ತು, ಒಳಗೆ ಕರಿ ಕಟ್ಟಿ ಅರ್ಧಕ್ಕಿಂತ ಜಾಸ್ತಿ ಮುಚ್ಚಿತ್ತು. ಆ ಪೈಪಿಗೆ ಕೆಲವು ನೂರು ರೂಪಾಯಿ ಅಷ್ಟೇ. ಅದು ಬೇಡ, ತೊಳೆದರೆ ಸಾಕು ಅಂತ ನಾನೇ ಹೇಳಿದ್ದು. ದಯವಿಟ್ಟು ಅದೊಂದು ತಪ್ಪು ಮಾಡಬೇಡಿ.

ಪೆರ್ಲ ರೋಡು

ಗುಜರಿಯಲ್ಲಿ ಅದೇ ಎಂಜಿನ್‌ನ ಟರ್ಬೊ ಬೇಕಾದಷ್ಟು ಸಿಗುತ್ತದಲ್ಲ? ಈ ಎಂಜಿನ್ ಎಷ್ಟೋ ಗಾಡಿಗಳಿಗೆ ಬಂದಿದೆ.

ಉಪ್ಪಳ ಸ್ಪ್ಯಾನರ್

ಸಿಗುತ್ತದೆ, ಆದರೆ ಬೇಡ. ಅದರ ಹಿಂದಿನ ಯಜಮಾನ ಯಾವ ಆಯಿಲ್ ಹಾಕುತ್ತಿದ್ದ, ಎಷ್ಟಕ್ಕೆ ಬದಲಿಸುತ್ತಿದ್ದ ಅಂತ ಯಾರಿಗೆ ಗೊತ್ತು? ಸಣ್ಣ ಟರ್ಬೊ ಎಂದರೆ ನಿಮಿಷಕ್ಕೆ 2 ಲಕ್ಷ ಸುತ್ತು ಹೊಡೆಯುವ ವಸ್ತು. ಅಷ್ಟೇ ಅಲ್ಲ, ಈ 1.3 ಎಂಜಿನಲ್ಲಿ ಎರಡು ಬಗೆ ಉಂಟು. 75 ಪಿಎಸ್‌ನದ್ದಕ್ಕೆ ಸಾದಾ ವೇಸ್ಟ್‌ಗೇಟ್ ಟರ್ಬೊ (ಒತ್ತಡ ಹೆಚ್ಚಾದರೆ ಹೊಗೆಯನ್ನು ಬದಿಯಿಂದ ಬಿಡುವಂಥದ್ದು), 90 ಪಿಎಸ್‌ನದ್ದಕ್ಕೆ ವಿಜಿಟಿ (ಒಳಗಿನ ಎಸಳುಗಳು ತಿರುಗುವಂಥದ್ದು). ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ.

ನೀರ್ಚಾಲು ಡೀಸೆಲ್

ಅಣ್ಣಾ, ನೋಡಿದೆವು. ಮುಚ್ಚಳ ಸಣ್ಣಗೆ ನಡುಗುತ್ತದೆ ಅಷ್ಟೇ, ಬೀಳುವುದಿಲ್ಲ. ಹೋಸ್ ಎಲ್ಲ ಸರಿ ಇದೆ. ಫ್ಯಾನ್ ಹಿಡಿದು ಎಳೆದರೆ ಟಕ್ ಟಕ್ ಅಂತ ಹಿಂದೆ ಮುಂದೆ ಆಗುತ್ತದೆ, ಕೈಗೆ ಚೆನ್ನಾಗಿ ಗೊತ್ತಾಗುತ್ತದೆ. ರೆಕ್ಕೆ ಗೋಡೆಗೆ ತಾಗಿದ ಗುರುತು ಇಲ್ಲ. ಆದರೆ ರೆಕ್ಕೆಯ ಅಂಚು ಒರಟಾಗಿದೆ, ಮರಳು ಉಜ್ಜಿದ ಹಾಗೆ. ಏರ್ ಫಿಲ್ಟರ್ ತೆಗೆದರೆ ಕೆಂಪು ದೂಳಿನ ಗಟ್ಟಿ, ಡಬ್ಬದ ಒಂದು ಕ್ಲಿಪ್ಪೇ ಇಲ್ಲ. ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಆ ದೂಳಲ್ಲೇ ಓಡಾಡಿದ್ದು.

ಇನ್ನೊಂದು ಹೇಳಬೇಕು. ಅಪ್ಪ ತೀರಿಕೊಂಡ ಮೇಲೆ ಒಂದೂವರೆ ವರ್ಷ ಗಾಡಿ ಹೆಚ್ಚು ಓಡಲಿಲ್ಲ, ಆಯಿಲ್ ಬದಲಿಸಬೇಕೆಂದು ನಮಗೆ ಯಾರಿಗೂ ನೆನಪಾಗಲಿಲ್ಲ. ಅದರಿಂದ ಹೀಗಾಯಿತಾ?

ಉಪ್ಪಳ ಸ್ಪ್ಯಾನರ್

ಆಗಿರಬಹುದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಂಥ ಹೊತ್ತಿನಲ್ಲಿ ಆಯಿಲ್ ಯಾರಿಗೆ ನೆನಪಾಗುತ್ತದೆ? ಹಳೆ ಆಯಿಲ್ ಟರ್ಬೊದ ಬಿಸಿಗೆ ಸುಟ್ಟು ಪೈಪಿನಲ್ಲಿ ಕರಿ ಕಟ್ಟುತ್ತದೆ, ಆಮೇಲೆ ಬೇರಿಂಗಿಗೆ ಆಯಿಲ್ ಸಾಕಾಗುವುದಿಲ್ಲ. ರೆಕ್ಕೆಯ ಒರಟು ದೂಳಿನದ್ದು. ಎರಡೂ ಒಟ್ಟಿಗೆ ಕೆಲಸ ಮಾಡಿವೆ.

ನಿಮ್ಮ ಎಂಜಿನ್ ಗಟ್ಟಿ ಇದೆ, ಅದು ದೊಡ್ಡ ಸಮಾಧಾನ. ಹೊರಗಿನ ಎರಕದ ಭಾಗ ಗೀರಿಲ್ಲ. ಟರ್ಬೊ ಸಾದಾ ವೇಸ್ಟ್‌ಗೇಟ್‌ನದ್ದು. ಹಾಗಾಗಿ ನಾನಾದರೆ ಮಂಗಳೂರಲ್ಲಿ ಕೋರ್ ಹಾಕಿಸುತ್ತೇನೆ. ಸೈಲೆನ್ಸರ್ ಕಡೆಯ ಭಾಗ ಬಿಚ್ಚಿದ ಮೇಲೆ ಅಲ್ಲಿ ದೊಡ್ಡ ಬಿರುಕು ಕಂಡರೆ ಮಾತ್ರ ಪೂರ್ತಿ ಹೊಸತು. ವಿಜಿಟಿ ಆಗಿದ್ದರೆ ನಾನು ಇಷ್ಟು ಸುಲಭಕ್ಕೆ ಕೋರ್ ಅನ್ನುತ್ತಿರಲಿಲ್ಲ, ಅದರಲ್ಲಿ ಒಳಗಿನ ಎಸಳುಗಳು ಎಲ್ಲಿ ನಿಲ್ಲಬೇಕು ಅಂತ ಮೆಷಿನ್ ಮೇಲೆ ಗಾಳಿ ಅಳೆದು ಕೂರಿಸಬೇಕು, ಅಂದಾಜಿಗೆ ಮಾಡಿದರೆ ಎಳೆತ ಸರಿ ಬರುವುದಿಲ್ಲ.

5,800 ಮತ್ತು 15,000ದ ನಡುವಿನ ವ್ಯತ್ಯಾಸ ಬ್ಯಾಲೆನ್ಸಿಂಗ್‌ನಲ್ಲಿ ಇರುವುದು. ಕೋರನ್ನು ವೇಗದಲ್ಲಿ ತಿರುಗಿಸಿ ಬ್ಯಾಲೆನ್ಸ್ ಮಾಡಿದ ಚೀಟಿ ಕೇಳಿ. ಚೀಟಿ ಇಲ್ಲ ಎಂದರೆ ಅಲ್ಲಿ ಮಾಡಿಸಬೇಡಿ. ಬಿಲ್ಲಿನಲ್ಲಿ ವಾರಂಟಿ ಬರೆಸಿ, ಬಾಯಿಮಾತು ಬೇಡ.

ಆಯಿಲ್ ಬರುವ ಪೈಪ್ ಹೊಸತು, ಇಳಿಯುವ ಪೈಪ್ ತೊಳೆದು ಊದಿ ನೋಡಿದ್ದು, ಗ್ಯಾಸ್ಕೆಟ್ ಹೊಸತು, ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್. ಇಷ್ಟು ಇಲ್ಲದೆ ಗಾಡಿ ತರಬೇಡಿ. ಆಯಿಲ್ ಪೈಪಿನ ಗ್ಯಾಸ್ಕೆಟಿಗೆ ಸಿಲಿಕಾನ್ ಪೇಸ್ಟ್ ಹಚ್ಚಲು ಬಿಡಬೇಡಿ, ಅದು ಒಳಗೆ ತುಂಡಾಗಿ ಬಿದ್ದು ದಾರಿ ಮುಚ್ಚುತ್ತದೆ. ಇಂಟರ್‌ಕೂಲರ್ ಇಳಿಸಿ ಒಳಗೆ ನಿಂತ ಆಯಿಲ್ ಚೆಲ್ಲಬೇಕು. ಇದನ್ನು ತುಂಬಾ ಜನ ಬಿಡುತ್ತಾರೆ, ಹೊಸ ಟರ್ಬೊ ಹಾಕಿದ ಮೇಲೂ ಎಂಜಿನ್ ಆ ಆಯಿಲನ್ನು ಎಳೆದುಕೊಳ್ಳುತ್ತದೆ, ಮೊದಲು ಹೇಳಿದ ಅಪಾಯ ಆಗಲೂ ತಪ್ಪಿದ್ದಲ್ಲ.

ಸ್ಟಾರ್ಟ್ ಮಾಡುವ ಮೊದಲು ಟರ್ಬೊದ ಆಯಿಲ್ ತೂತಿಗೆ ಹೊಸ ಆಯಿಲ್ ಹಾಕಿ ಕೈಯಲ್ಲಿ ತಿರುಗಿಸಲಿ. ಆಮೇಲೆ ಇಂಜೆಕ್ಟರ್ ಕನೆಕ್ಟರ್ ತೆಗೆದು, ಎಂಜಿನ್ ಹಿಡಿಯದ ಹಾಗೆ ಎರಡು ಮೂರು ಸಲ ಸೆಲ್ಫ್ ಹೊಡೆಯಲಿ, ಆಯಿಲ್ ಮೇಲೆ ಬರಲಿ. ಸ್ಟಾರ್ಟ್ ಆದ ಮೇಲೆ ಐದು ನಿಮಿಷ ಆಕ್ಸಿಲರೇಟರ್ ಮುಟ್ಟಬಾರದು. ಆಗುವುದಾದರೆ ಎದುರಲ್ಲೇ ನಿಂತು ಮಾಡಿಸಿ, ಹಳೆ ಪೈಪ್ ಕೇಳಿ ಮನೆಗೆ ತನ್ನಿ.

ನೀರ್ಚಾಲು ಡೀಸೆಲ್

ಕೆಲಸ ಆಯಿತು ಅಣ್ಣಾ. ರಿಕವರಿ ಗಾಡಿಯಲ್ಲಿ ಹಾಕಿಸಿಕೊಂಡು ತಲಪಾಡಿ ದಾಟಿ ಹೋದೆ, ಓಡಿಸಿಕೊಂಡು ಹೋಗಲು ಮನಸ್ಸು ಬರಲಿಲ್ಲ. ಸೈಲೆನ್ಸರ್ ಕಡೆ ಬಿರುಕಿಲ್ಲ. ಚೀಟಿ ತೋರಿಸಿದರು, ಬಿಲ್ಲಿಗೆ ಪಿನ್ ಮಾಡಿ ಕೊಟ್ಟರು. ಕೋರ್, ಪೈಪ್, ಫಿಲ್ಟರ್, ಆಯಿಲ್, ಇಂಟರ್‌ಕೂಲರ್ ತೊಳೆದದ್ದು ಎಲ್ಲ ಸೇರಿ 19,400.

ಹಳೆ ಪೈಪನ್ನು ಅಲ್ಲೇ ಕೊಯ್ದು ತೋರಿಸಿದರು. ಒಳಗೆ ಸುಟ್ಟ ಕರಟದ ಹಾಗೆ ಕಪ್ಪು ಗಟ್ಟಿ, ನಡುವೆ ಬೆಂಕಿಕಡ್ಡಿ ಹೋಗುವಷ್ಟು ದಾರಿ ಕೂಡ ಇಲ್ಲ. ಊರಲ್ಲೇ 5,800ರ ಕೋರ್ ಹಾಕಿಸಿ ಇದನ್ನೇ ವಾಪಸ್ ಸಿಕ್ಕಿಸಿದ್ದರೆ ಎಂತ ಆಗುತ್ತಿತ್ತು ಎಂದು ಈಗ ಯೋಚಿಸಿದರೆ ಕೈ ತಣ್ಣಗಾಗುತ್ತದೆ. ಮುಳ್ಳೇರಿಯದ ಅಣ್ಣನಿಗೂ ತುಂಬಾ ಉಪಕಾರ.

ಕೂಗು ಹೋಗಿದೆ, ಎಳೆತ ಬಂದಿದೆ. ಆದರೆ ಇನ್ನೂ ಸ್ವಲ್ಪ ನೀಲಿ ಹೊಗೆ ಇದೆ. ಹೆದರಬೇಕಾ?

ಉಪ್ಪಳ ಸ್ಪ್ಯಾನರ್

ಸೈಲೆನ್ಸರ್ ಒಳಗೆ ಹಿಡಿದ ಹಳೆ ಆಯಿಲ್ ಉರಿಯುವುದು. ಎರಡು ಮೂರು ದಿನ ಓಡಿಸಿ, ಕಡಿಮೆ ಆಗುತ್ತಾ ಬರಬೇಕು. ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಿ. ಮೊದಲ 1,000 ಕಿಲೋಮೀಟರಿಗೆ ಆಯಿಲ್, ಫಿಲ್ಟರ್ ಒಮ್ಮೆ ಬದಲಿಸಿ, ಒಳಗೆ ಉಳಿದ ಕಸ ಹೋಗಲಿ. ಏರು ಹತ್ತಿ ಬಂದ ಕೂಡಲೇ ಕೀ ತೆಗೆಯಬೇಡಿ, ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಏರ್ ಫಿಲ್ಟರ್ ಡಬ್ಬದ ಕ್ಲಿಪ್ ಹಾಕಿಸಿದಿರಾ?

ನೀರ್ಚಾಲು ಡೀಸೆಲ್

ಹಾಕಿಸಿದೆ. ಹೊಗೆ ಮೂರನೇ ದಿನ ಪೂರ್ತಿ ನಿಂತಿತು. ನಿನ್ನೆ ಅಮ್ಮನನ್ನು ದೇರಳಕಟ್ಟೆಗೆ ಕರೆದುಕೊಂಡು ಹೋಗಿ ಬಂದೆ, ಇವತ್ತು ಬೆಳಿಗ್ಗೆ ನೋಡಿದರೆ ಆಯಿಲ್ ಮೊದಲಿನ ಗೆರೆಯಲ್ಲೇ ಇದೆ.