ಲ್ಯಾಪ್‌ಟಾಪ್‌ಗೆ ಡೆಸ್ಕ್‌ಟಾಪ್‌ನ ಶೇರ್ ಫೋಲ್ಡರ್ ಕಾಣುತ್ತಿಲ್ಲ

ಪ್ರಶ್ನೆ: ಸರ್, ಡೆಸ್ಕ್‌ಟಾಪ್ ವಿಂಡೋಸ್ 10, ಕೇಬಲ್‌ನಲ್ಲಿದೆ. ಲ್ಯಾಪ್‌ಟಾಪ್ ವಿಂಡೋಸ್ 11 ಪ್ರೊ, ವೈಫೈನಲ್ಲಿದೆ. ಡೆಸ್ಕ್‌ಟಾಪ್‌ನ ಒಂದು ಫೋಲ್ಡರ್ ಶೇರ್ ಮಾಡಿದ್ದೇನೆ, ಆದರೆ ಲ್ಯಾಪ್‌ಟಾಪ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಹೆಸರೇ ಬರುತ್ತಿಲ್ಲ. ಇಂಟರ್ನೆಟ್ ಎರಡರಲ್ಲೂ ಬರುತ್ತಿದೆ. ಎಸ್‌ಎಂಬಿ 1 ಆನ್ ಮಾಡಿ ಅಂತಾರೆ, ಮಾಡಲೇ?

ಉತ್ತರ: ಬೇಡ. ಎಸ್‌ಎಂಬಿ 1 ಅಂದರೆ ವಿಂಡೋಸ್‌ನ ಹಳೆಯ ಫೈಲ್ ಶೇರಿಂಗ್ ವಿಧಾನ. 2017ರಲ್ಲಿ ವನ್ನಾಕ್ರೈ ಎಂಬ ಹಣ ಸುಲಿಯುವ ವೈರಸ್ ಹಬ್ಬಿದ್ದು ಎಸ್‌ಎಂಬಿ 1ರ ದೋಷದ ಮೂಲಕವೇ. ಮತ್ತೆ, ಪಟ್ಟಿಯಲ್ಲಿ ಹೆಸರು ಕಾಣುವುದೇ ಬೇರೆ, ಶೇರ್ ತೆರೆಯುವುದೇ ಬೇರೆ. ಪಟ್ಟಿಯನ್ನು ಸದ್ಯಕ್ಕೆ ಮರೆತುಬಿಡಿ.

ಡೆಸ್ಕ್‌ಟಾಪ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ (ipconfig) ಕೊಡಿ, ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಆ ಯಂತ್ರದ ನಂಬರ್) ಬರೆದುಕೊಳ್ಳಿ. ಅದು 192.168.1.5 ಅಂದುಕೊಳ್ಳೋಣ. ಲ್ಯಾಪ್‌ಟಾಪ್‌ನ ರನ್ ಪೆಟ್ಟಿಗೆಯಲ್ಲಿ \\192.168.1.5 ಎಂದು ಟೈಪ್ ಮಾಡಿ. ತೆರೆದುಕೊಂಡರೆ ಶೇರ್ ಸರಿಯಿದೆ, ಹೆಸರು ಮಾತ್ರ ಬರುತ್ತಿಲ್ಲ. ಆಗ ಡೆಸ್ಕ್‌ಟಾಪ್‌ನ ಸರ್ವೀಸಸ್‌ನಲ್ಲಿ ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ (ಯಂತ್ರದ ಹೆಸರನ್ನು ನೆಟ್‌ವರ್ಕ್‌ಗೆ ಸಾರುವ ಸರ್ವೀಸ್) ಅನ್ನು ಆಟೋಮ್ಯಾಟಿಕ್‌ಗೆ ಇಟ್ಟು ಸ್ಟಾರ್ಟ್ ಮಾಡಿ.

ತೆರೆಯದಿದ್ದರೆ ಲ್ಯಾಪ್‌ಟಾಪ್‌ನ ಐಪಿಯನ್ನೂ ನೋಡಿ. ಒಂದು 192.168.1, ಇನ್ನೊಂದು 192.168.0 ಎಂದಿದ್ದರೆ ನಡುವೆ ಎರಡನೇ ರೌಟರ್ ಕೂತಿದೆ. ಅದನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿ, ಆಗ ಅದು ಬೇರೆ ನೆಟ್‌ವರ್ಕ್ ಮಾಡದೆ ಮೊದಲ ರೌಟರ್‌ನದನ್ನೇ ಮುಂದುವರಿಸುತ್ತದೆ. ಗೆಸ್ಟ್ ವೈಫೈನಲ್ಲಿದ್ದರೂ ಇದೇ ಗೋಳು: ಇಂಟರ್ನೆಟ್ ಸಿಗುತ್ತದೆ, ಪಕ್ಕದ ಯಂತ್ರ ಸಿಗುವುದಿಲ್ಲ. ಇವೆರಡೂ ಅಲ್ಲದಿದ್ದರೆ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಈಥರ್ನೆಟ್‌ಗೆ ಹೋಗಿ, ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಇದ್ದರೆ ಪ್ರೈವೇಟ್ ಮಾಡಿ, ಫೈಲ್ ಶೇರಿಂಗ್ ಆನ್ ಇದೆಯೇ ನೋಡಿ. ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಕಮಾಂಡ್) ನಂಬಿ ಕೂರಬೇಡಿ, ಫೈರ್‌ವಾಲ್ ಅದನ್ನೂ ತಡೆಯಬಹುದು. ಲ್ಯಾಪ್‌ಟಾಪ್‌ನಲ್ಲಿ ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್‌ಗೆ ಡೆಸ್ಕ್‌ಟಾಪ್‌ನ ಐಪಿ, ಫೈಲ್ ಶೇರಿಂಗ್‌ನ ಪೋರ್ಟ್ 445 ಕೊಡಿ: Test-NetConnection 192.168.1.5 -Port 445. ಕೊನೆಯ ಸಾಲಿನಲ್ಲಿ ಟ್ರೂ ಬಂದರೆ ದಾರಿ ತೆರೆದಿದೆ.

ಪ್ರಶ್ನೆ: ಪಬ್ಲಿಕ್ ಇತ್ತು ಸರ್, ಬದಲಿಸಿದೆ. ಈಗ ಯೂಸರ್‌ನೇಮ್, ಪಾಸ್‌ವರ್ಡ್ ಕೇಳುತ್ತಿದೆ. ಡೆಸ್ಕ್‌ಟಾಪ್‌ನ ಪಿನ್ ಹಾಕಿದರೆ ತಪ್ಪು ಅನ್ನುತ್ತದೆ.

ಉತ್ತರ: ಪಿನ್ ಆ ಯಂತ್ರದ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ಅಕೌಂಟಿನ ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಇಲ್ಲದ ಅಕೌಂಟನ್ನೂ ವಿಂಡೋಸ್ ಹೊರಗಿನಿಂದ ಒಳಗೆ ಬಿಡುವುದಿಲ್ಲ. ನನ್ನ ಸಲಹೆ: ಡೆಸ್ಕ್‌ಟಾಪ್‌ನಲ್ಲಿ ಶೇರಿಂಗ್‌ಗೆಂದೇ ಒಂದು ಲೋಕಲ್ ಅಕೌಂಟ್ ಮಾಡಿ, ಪಾಸ್‌ವರ್ಡ್ ಇಡಿ. ಲಾಗಿನ್‌ನಲ್ಲಿ ಡೆಸ್ಕ್‌ಟಾಪ್‌ನ ಹೆಸರು, ಒಂದು \ ಗೆರೆ, ಆಮೇಲೆ ಆ ಅಕೌಂಟಿನ ಹೆಸರು ಹಾಕಿ. ಅದಕ್ಕೆ ಮೊದಲು ಲ್ಯಾಪ್‌ಟಾಪ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್‌ನಲ್ಲಿ (ಉಳಿಸಿಟ್ಟ ಪಾಸ್‌ವರ್ಡ್‌ಗಳ ಜಾಗ) ಡೆಸ್ಕ್‌ಟಾಪ್‌ನ ಐಪಿಯ ಹಳೆಯ ನಮೂದು ಇದ್ದರೆ ಅಳಿಸಿ, ಇಲ್ಲವಾದರೆ ಹಳೆಯದನ್ನೇ ಕಳಿಸುತ್ತಿರುತ್ತದೆ.

ಪಾಸ್‌ವರ್ಡ್ ರಕ್ಷಣೆಯನ್ನೇ ಆಫ್ ಮಾಡುವ ಅಡ್ಡದಾರಿ ಬೇಡ. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಿಂದ ಗೆಸ್ಟ್ ಲಾಗಿನ್ (ಪಾಸ್‌ವರ್ಡ್ ಇಲ್ಲದೆ ಒಳಹೋಗುವುದು) ಅನ್ನು ತಾನಾಗಿಯೇ ನಿರಾಕರಿಸುತ್ತದೆ.

ಪ್ರಶ್ನೆ: ಫೈಲ್ ತೆರೆಯುತ್ತಿದೆ, ಸೇವ್ ಆಗುತ್ತಿಲ್ಲ.

ಉತ್ತರ: ಬೀಗ ಎರಡಿವೆ. ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಶೇರಿಂಗ್ ಟ್ಯಾಬ್ ಒಂದು, ಸೆಕ್ಯುರಿಟಿ ಟ್ಯಾಬ್ ಇನ್ನೊಂದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಅಡ್ವಾನ್ಸ್ಡ್ ಶೇರಿಂಗ್‌ನಲ್ಲಿ ಎವ್ರಿಒನ್‌ಗೆ ಮೊದಲಿಂದ ಇರುವುದು ಬರೀ ರೀಡ್. ಅಲ್ಲಿಯ ಪರ್ಮಿಷನ್ಸ್‌ನಲ್ಲಿ ಹೊಸ ಅಕೌಂಟಿಗೆ ಚೇಂಜ್, ಸೆಕ್ಯುರಿಟಿಯಲ್ಲಿ ಮಾಡಿಫೈ ಕೊಡಿ.

ಪ್ರಶ್ನೆ (ಇನ್ನೊಬ್ಬರಿಂದ): ನನ್ನದು ಒಂದು ದಿನ ನಡೆಯುತ್ತದೆ, ಮರುದಿನ ಇಲ್ಲ.

ಉತ್ತರ: ಐಪಿ ಬದಲಾಗಿರಬಹುದು, ಇಲ್ಲವೇ ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋಗಿರಬಹುದು. ರೌಟರ್‌ನ ಡಿಎಚ್‌ಸಿಪಿ (ಐಪಿ ಹಂಚುವ ವ್ಯವಸ್ಥೆ) ಪುಟದಲ್ಲಿ ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸಕ್ಕೆ (ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಒಂದೇ ಐಪಿ ಕಾದಿರಿಸಿ, ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಅನ್ನು ನೆವರ್‌ಗೆ ಇಡಿ. ಸ್ಕ್ರೀನ್ ಆಫ್ ಆದರೆ ತೊಂದರೆಯಿಲ್ಲ.