ಪಿಎಚ್‌.ಡಿ.ಗೆ ಸೇರಿದವರು, ಮುಗಿಸಿದವರು, ಬಿಟ್ಟವರು: ಲೆಕ್ಕ ಕಲೆಹಾಕಿದವರ ಅನುಭವಗಳು

ಕೋರಿಕೆ: ನಮ್ಮ ವಿಶ್ವವಿದ್ಯಾಲಯದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಪಿಎಚ್‌.ಡಿ.ಗೆ ಸೇರಿದವರಲ್ಲಿ ಎಷ್ಟು ಮಂದಿ ಪದವಿ ಪಡೆದರು, ಎಷ್ಟು ಮಂದಿ ನಡುವೆಯೇ ಬಿಟ್ಟರು ಎಂಬ ಮಾಹಿತಿ ಸಂಗ್ರಹಿಸುವ ಹೊಣೆ ನನ್ನ ಮೇಲಿದೆ. ವಿಜ್ಞಾನ ವಿಭಾಗಗಳಿಂದ ಆರಂಭಿಸುವ ಯೋಚನೆಯಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಮಾಜಿ ನೋಡಲ್ ಅಧಿಕಾರಿ: ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಗೆ ನಾವು ವರ್ಷವರ್ಷವೂ ತುಂಬುತ್ತಿದ್ದ ನಮೂನೆಗಳಿದ್ದರೆ ಸಾಕೆಂದು ಮೇಲಧಿಕಾರಿಗಳು ನನಗೆ ಹೇಳಿದ್ದರು. 2010-11ರಲ್ಲಿ ಆರಂಭವಾದ ಆ ಸಮೀಕ್ಷೆಯಲ್ಲಿ ಆಯಾ ವರ್ಷ ದಾಖಲಾಗಿರುವವರ ಸಂಖ್ಯೆಯೂ ಪದವಿ ಪಡೆದವರ ಸಂಖ್ಯೆಯೂ ಸಿಗುತ್ತವೆ. ಪದವಿ ಪಡೆದವರು ಯಾವ ವರ್ಷ ಸೇರಿದ್ದರು ಎಂಬುದು ಸಿಗುವುದಿಲ್ಲ. ದೇಶದಲ್ಲಿ 2014-15ರಲ್ಲಿ 1.17 ಲಕ್ಷವಿದ್ದ ಪಿಎಚ್‌.ಡಿ. ದಾಖಲಾತಿ 2021-22ಕ್ಕೆ 2.12 ಲಕ್ಷಕ್ಕೆ ಏರಿದೆ. ಹೀಗೆ ಏರುತ್ತಿರುವ ದಾಖಲಾತಿಯಿಂದ ಅದೇ ವರ್ಷದ ಪದವೀಧರರ ಸಂಖ್ಯೆಯನ್ನು ಭಾಗಿಸಿದರೆ, ಒಬ್ಬರೂ ಬಿಡದಿದ್ದರೂ ಬಹುಪಾಲು ಮಂದಿ ಬಿಟ್ಟಂತೆ ಕಾಣುತ್ತದೆ. ನನ್ನ ವರದಿಯನ್ನು ಸಮಿತಿ ಇದೇ ಕಾರಣಕ್ಕೆ ಹಿಂದಿರುಗಿಸಿತು. ಬಳಿಕ ಹಳೆಯ ದಾಖಲೆಗಳನ್ನು ಗಣಕಕ್ಕೆ ಏರಿಸಲು ಪುಟಕ್ಕಿಷ್ಟು ಎಂದು ಕೈಯಿಂದ ಹಣ ಕೊಟ್ಟೆ. ಟೆಂಡರ್ ಕರೆದಿಲ್ಲವೆಂದು ಲೆಕ್ಕಪರಿಶೋಧಕರು ಆಕ್ಷೇಪಿಸಿದ್ದರಿಂದ ಆ ಬಿಲ್ಲು ಇಂದಿಗೂ ಮಂಜೂರಾಗಿಲ್ಲ. ಅಷ್ಟು ಖರ್ಚು ಮಾಡಿದರೂ ಎಕ್ಸೆಲ್ ಕಡತದಲ್ಲಿ ನೋಂದಣಿ ಸಂಖ್ಯೆಗಳ ಮೊದಲ ಸೊನ್ನೆಗಳು ಮಾಯವಾಗಿದ್ದವು, 04-07-2016 ಎಂಬುದು ಜುಲೈ ಬದಲು ಏಪ್ರಿಲ್ ಆಗಿತ್ತು.

ನಿವೃತ್ತ ಅಧೀಕ್ಷಕ, ಸಂಶೋಧನಾ ಶಾಖೆ: ನೋಡಲ್ ಅಧಿಕಾರಿಗಳ ಕಷ್ಟಕ್ಕೆ ಮೂಲ ಅವರ ಶಾಖೆಯಲ್ಲಿ ರಿಜಿಸ್ಟರ್ ಇಟ್ಟ ಕ್ರಮದಲ್ಲಿದೆ. ನಾನು ಪ್ರವೇಶದ ವರ್ಷಕ್ಕೊಂದು ಪುಸ್ತಕವಿಟ್ಟು, ಒಬ್ಬೊಬ್ಬರಿಗೂ ಒಂದು ಸಾಲು ಕೊಟ್ಟು, ಕೋರ್ಸ್‌ವರ್ಕ್, ಪ್ರಗತಿ ವರದಿ, ಮಹಾಪ್ರಬಂಧ ಸಲ್ಲಿಕೆ, ಮೌಖಿಕ ಪರೀಕ್ಷೆಗಳ ದಿನಾಂಕಗಳನ್ನು ಅದೇ ಸಾಲಿನಲ್ಲಿ ಬರೆಸುತ್ತಿದ್ದೆ. ಮಾರ್ಗದರ್ಶಕರು ಬದಲಾದರೂ ಹೊಸ ನೋಂದಣಿ ಸಂಖ್ಯೆ ಕೊಡಲು ಬಿಡಲಿಲ್ಲ. ಕೊಟ್ಟರೆ ಅದೇ ವ್ಯಕ್ತಿ ಒಮ್ಮೆ ಬಿಟ್ಟವನಾಗಿಯೂ ಇನ್ನೊಮ್ಮೆ ಸೇರಿದವನಾಗಿಯೂ ಲೆಕ್ಕಕ್ಕೆ ಬರುತ್ತಾನೆ. ಪುಸ್ತಕ ಸರಿಯಿದ್ದಲ್ಲಿ ಗಣಕಕ್ಕೆ ಸುರಿಯುವ ಹಣ ದಂಡ.

ಮಾಜಿ ನೋಡಲ್ ಅಧಿಕಾರಿ: ಅಧೀಕ್ಷಕರೇ, ನಿಮ್ಮಂತಹವರು ನಿವೃತ್ತರಾಗುವಾಗ ಬೀರುವಿನ ಕೀಲಿಯನ್ನಷ್ಟೇ ಒಪ್ಪಿಸಿ ಹೋಗುತ್ತೀರಿ. ಕೆಂಪು ಶಾಯಿಯ ವೃತ್ತಕ್ಕೆ ಏನರ್ಥ, ಅಂಚಿನ ಸಹಿ ಯಾರದು ಎಂದು ಮುಂದಿನವರು ಯಾರನ್ನು ಕೇಳಬೇಕು?

ನಿವೃತ್ತ ಅಧೀಕ್ಷಕ: ಕೆಂಪು ಶಾಯಿ ಎಂದರೆ ನೋಂದಣಿ ರದ್ದು ಎಂಬುದು ಮೊದಲ ಪುಟದಲ್ಲೇ ಬರೆದಿರುತ್ತದೆ. ಪುಟ ತಿರುವದೆ ದೂರುವುದು ಸರಿಯಲ್ಲ.

ಸಂಶೋಧಕಿ: ಆ ಕೆಂಪು ಶಾಯಿಯಲ್ಲಿ ನನ್ನ ಹೆಸರೂ ಇತ್ತು. ಹೆರಿಗೆ ರಜೆಯ ಅರ್ಜಿ ವಿಭಾಗದಲ್ಲೇ ಉಳಿದು ಶಾಖೆಗೆ ತಲುಪದ ಕಾರಣ ನಾನು ಬಿಟ್ಟವರ ಪಟ್ಟಿ ಸೇರಿದ್ದೆ. ಬಾಕಿ ಶುಲ್ಕ, ದಂಡ, ಮರುನೋಂದಣಿ ಶುಲ್ಕ ಎಲ್ಲವನ್ನೂ ಕಟ್ಟಿದ ಮೇಲೂ ಪಟ್ಟಿ ತಿದ್ದಲಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ ಅವಧಿ ಗರಿಷ್ಠ ಆರು ವರ್ಷ, ಮರುನೋಂದಣಿಯಾದರೆ ಎಂಟು, ಮಹಿಳೆಯರಿಗೂ ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೂ ಹತ್ತು. 240 ದಿನಗಳವರೆಗಿನ ಹೆರಿಗೆ ರಜೆಗೂ ಅವಕಾಶವಿದೆ. ಆರನೆಯ ವರ್ಷಕ್ಕೆ ಗೆರೆ ಎಳೆದು ಉಳಿದವರನ್ನೆಲ್ಲ ಬಿಟ್ಟವರೆಂದು ಬರೆಯುವ ಹಕ್ಕು ಯಾರಿಗೂ ಇಲ್ಲ.

ಮಾರ್ಗದರ್ಶಕ, ರಸಾಯನಶಾಸ್ತ್ರ: ಮೇಡಂ ಹೇಳಿದ್ದು ನಿಜ. ಆದರೆ ಅರೆಕಾಲಿಕರಲ್ಲಿ ಪ್ರತಿವರ್ಷ ಶುಲ್ಕ ಕಟ್ಟುತ್ತ, ಪ್ರಯೋಗಾಲಯಕ್ಕೆ ಕಾಲಿಡದವರೂ ಇದ್ದಾರೆ. ಅವರನ್ನು ಮುಂದುವರಿಯುತ್ತಿರುವವರೆಂದು ಬರೆದರೆ ಲೆಕ್ಕ ಸುಳ್ಳಾಗುತ್ತದೆ. ಫೆಲೋಶಿಪ್ ಪಡೆಯುವವರ ವಿಷಯದಲ್ಲಿ ನಾನು ಹಾಜರಾತಿ ದೃಢೀಕರಣ ನಿಂತ ತಿಂಗಳನ್ನೇ ಬಿಟ್ಟ ತಿಂಗಳೆಂದು ಹಿಡಿದೆ; 2023ರ ಜನವರಿಯಿಂದ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ ಆಗಿರುವಾಗ ಯಾರೂ ಸುಮ್ಮನೆ ಅದನ್ನು ಬಿಡುವುದಿಲ್ಲ.

ಪದವಿ ಕಾಲೇಜಿನ ಉಪನ್ಯಾಸಕ: ಅರೆಕಾಲಿಕರ ಬಗ್ಗೆ ಈ ಮಾತು ಹಿಂಪಡೆಯಿರಿ ಸರ್. ವಾರವಿಡೀ ಪಾಠ, ಪರೀಕ್ಷಾ ಕೆಲಸ, ಮೌಲ್ಯಮಾಪನ ಮುಗಿಸಿ ಭಾನುವಾರ ಬಂದರೆ ಪ್ರಯೋಗಾಲಯಕ್ಕೆ ಬೀಗ. ಬಿಟ್ಟವರಿಗೆ ಫೋನ್ ಮಾಡಿ ಕಾರಣ ಕೇಳುವ ಕೆಲಸ ನಾನು ಮಾಡಿದ್ದೇನೆ. ಕಡತದಲ್ಲಿ ‘ವೈಯಕ್ತಿಕ ಕಾರಣ’ ಎಂದಿದ್ದ ಹಲವರು ಫೋನಿನಲ್ಲಿ ಹೇಳಿದ್ದು ಮಾರ್ಗದರ್ಶಕರ ಹೆಸರನ್ನು.

ಮಾರ್ಗದರ್ಶಕ: ಮಾರ್ಗದರ್ಶಕರನ್ನೂ ಕೇಳಿದ್ದೀರಾ?

ಉಪನ್ಯಾಸಕ: ಕೇಳಿದ್ದೇನೆ. ಅವರು ಉತ್ತರಿಸದಿದ್ದುದನ್ನೂ ಒಂದು ಕಾಲಂ ಮಾಡಿ ದಾಖಲಿಸಿದ್ದೇನೆ.