ಪ್ಲಾಸ್ಮಾದಾಗ ಕರೆಂಟ್ ಹರದ್ರ ಪ್ಲಸ್-ಮೈನಸ್ ಪದರ ಯಾಕ ಆಗ್ತಾವ?

ಉಣಕಲ್_ಕೆರಿ:
ನಮಸ್ಕಾರ್ರಿ ಎಲ್ಲಾರಿಗೂ, ನಾ ಧಾರವಾಡದಾಗ ಬಿ.ಎಸ್ಸಿ. ಕಡೀ ವರ್ಷ. 2024ರ ಮೇದಾಗ ಲಡಾಖಿನ ಹಾನ್ಲೆಯೊಳಗ ಆಕಾಶ ಕೆಂಪಗಾಗಿತ್ತಲ್ಲ, ಆ ಫೋಟೋ ನೋಡಿದಾಗಿಂದ ಧ್ರುವಪ್ರಭೆ ಬಗ್ಗೆ ಓದಾಕತ್ತೇನಿ, ಅದರಾಗ 'ಡಬಲ್ ಲೇಯರ್' ಅಂತ ಬಂತು, ಅಂದ್ರ ಪ್ಲಾಸ್ಮಾದಾಗ ಬಾಜೂ ಬಾಜೂ ಇರೋ ಒಂದ ಪ್ಲಸ್ ಪದರ, ಒಂದ ಮೈನಸ್ ಪದರ. ಪ್ಲಾಸ್ಮಾ, ಅಂದ್ರ ಎಲೆಕ್ಟ್ರಾನ್ ಮತ್ತ ಅಯಾನ್ (ಪ್ಲಸ್ ಕಣ) ಬಿಡಿಬಿಡಿಯಾಗಿ ಓಡಾಡೋ ಅನಿಲ, ಒಳ್ಳೆ ವಾಹಕ, ಎಲ್ಲೆರ ಪ್ಲಸ್ ಮೈನಸ್ ಬ್ಯಾರೆ ಆದ್ರ ಎಲೆಕ್ಟ್ರಾನ್ ಓಡಿಬಂದು ಸರಿ ಮಾಡ್ತಾವ ಅಂತ ಕಲಿಸ್ಯಾರ. ಹಂಗಿದ್ರ ಆ ಪದರಗಳ ನಡುವ ಸಾವಿರಗಟ್ಟಲೆ ವೋಲ್ಟ್ ಹೆಂಗ ನಿಲ್ತಾವ್ರಿ?

ಗದಗ_ಮಾಸ್ತರ:
ಪ್ಲಾಸ್ಮಾ ಸುಮ್ಮನ ಕುಂತಿದ್ರ ನಿಮ್ಮ ಮಾತು ಖರೆ. ಕರೆಂಟ್ ಒತ್ತಿ ಹರಿಸಿದ್ರ ಆಟ ಬ್ಯಾರೆ. ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ ತಗೋರಿ, ತಾಸಿಗೆ ಇಷ್ಟ ಮಂದಿ ದಾಟಲೇಬೇಕು ಅಂತ ಹಠ, ನವನಗರದ ಹತ್ರ ಬಸ್ ಕಡಿಮಿ ಆದ್ವು, ಆಗ ಇದ್ದ ಬಸ್ ಜೋರ ಓಡಬೇಕಲ್ಲ? ಭೂಮಿಯಿಂದ ಕೆಲವು ಸಾವಿರ ಕಿ.ಮೀ. ಮ್ಯಾಲೆ ಪ್ಲಾಸ್ಮಾ ಭಾಳ ತೆಳು, ಕಾಂತರೇಖೆ ಗುಂಟ ಬರೋ ಕರೆಂಟ್ ಹೊರಾಕ ಎಲೆಕ್ಟ್ರಾನ್ ಸಾಲೂದಿಲ್ಲ, ಅವು ತಮ್ಮ ಉಷ್ಣವೇಗ (ಬಿಸಿಯಿಂದ ತಾವಾಗೇ ಓಡಾಡೋ ವೇಗ) ಮೀರಿ ಓಡಬೇಕಾದಾಗ ಆ ಜಾಗ ಅಸ್ಥಿರ ಆಗಿ ಒಂದ ಕಡೆ ಪ್ಲಸ್ ಪದರ, ಅದರ ಬಾಜೂಕ ಮೈನಸ್ ಪದರ. ಎರಡರ ಚಾರ್ಜೂ ಕೂಡಿಸಿದ್ರ ಸೊನ್ನೆನ.

ಬ್ಯಾಡಗಿ_ಖಾರ:
ಮಾಸ್ತರ, ಬಸ್ ತಾನಾಗೇ ಜೋರ ಓಡೂದಿಲ್ಲಲ್ರಿ, ತಳ್ಳೋರು ಬೇಕು! ಆ ತಳ್ಳೂದ ಪದರಗಳ ನಡುವಿನ ವೋಲ್ಟೇಜ್. ಮೈನಸ್ ಕಡೆಯಿಂದ ಎಲೆಕ್ಟ್ರಾನ್, ಪ್ಲಸ್ ಕಡೆಯಿಂದ ಅಯಾನ್ ಎದುರಾಬದುರಾ ಓಡ್ತನ ಇರ್ತಾವ, ಇಂಥಾ ಪದರ ನಿಂತಿರೂದ ಆ ಹರಿವಿನ ಮ್ಯಾಲೆ, ಗೋಡಿಗತೆ ಅಲ್ಲ. ಇದನ್ನ ಬ್ಯಾಟರಿ ಅಂತ ಬರೆಯೋ ಯೂಟ್ಯೂಬ್ ಮಂದಿ ಮಾತು ಕೇಳಬ್ಯಾಡ್ರಿ, ಇದು ಸರ್ಕ್ಯೂಟಿನಾಗ ಲೋಡ್ (ಶಕ್ತಿ ತಿನ್ನೋ ಭಾಗ) ಇದ್ದಂಗ, ಶಕ್ತಿ ಬರೂದು ಸೌರಮಾರುತದಿಂದ, ಅಂದ್ರ ಸೂರ್ಯನಿಂದ ಹರದು ಬರೋ ಕಣಗಳಿಂದ. ಹೊಲದಾಗ ಪಂಪ್‌ಸೆಟ್ ಬಂದ್ ಮಾಡಿದಾಗ ಸ್ಟಾರ್ಟರಿನಾಗ ಕಿಡಿ ಹಾರತೈತಿ ನೋಡ್ರಿ, ಹರಿಯೋ ಕರೆಂಟ್ ತಡದ್ರ ಸುರುಳಿಯೊಳಗಿನ ಶಕ್ತಿ ಎಲ್ಲಾ ಆ ಒಂದ ಜಾಗಕ್ಕ ಬಂದು ಬೀಳ್ತೈತಿ, ಇಲ್ಲೂ ಹಂಗ ಆಗಬಹುದು ಅಂತ ಸ್ವೀಡನ್ನಿನ ಭೌತವಿಜ್ಞಾನಿ ಹಾನ್ಸ್ ಆಲ್ಫೆನ್ ಹೇಳಿದ್ದು, 1970ರ ನೊಬೆಲ್ ತಗೊಂಡವ್ರು.

ಉಣಕಲ್_ಕೆರಿ:
ಸ್ಟಾರ್ಟರ್ ಅಂದಕೂಡ್ಲೆ ತಲ್ಯಾಗ ಕುಂತತ್ರಿ 😄 ಇದನ್ನ ಯಾರರ ಅಳದಾರೇನು? ಹಾನ್ಲೆ ಕೆಂಪೂ ಇದರಿಂದನ ಏನು?

ಗದಗ_ಮಾಸ್ತರ:
ಲ್ಯಾಬಿನಾಗ ಕಂಡ ಇಂಥಾ ಪದರದ ಬಗ್ಗೆ ಅಮೆರಿಕದ ವಿಜ್ಞಾನಿ ಲ್ಯಾಂಗ್ಮ್ಯೂರ್ 1929ರಾಗನ ಬರದಿದ್ರು. ಬಾಹ್ಯಾಕಾಶದಾಗ ನಾಸಾದ ಫಾಸ್ಟ್ ಉಪಗ್ರಹ, 1996ರಾಗ ಹಾರಿದ್ದು, ಪದರದೊಳಗನ ಹಾದು ಅಳದೈತಿ. ಹಾನ್ಲೆ ಕೆಂಪು 200 ಕಿ.ಮೀ. ಮ್ಯಾಲಿನ ಆಕ್ಸಿಜನ್ನಿಂದು, ಅದಕ್ಕ ಕಡಿಮಿ ಶಕ್ತಿ ಎಲೆಕ್ಟ್ರಾನ್ ಸಾಕು. ಡಬಲ್ ಲೇಯರಿನಾಗ ಕಿಲೋವೋಲ್ಟ್ ತಿಂದು ಬಂದ ಎಲೆಕ್ಟ್ರಾನ್ ಇನ್ನೂ ಕೆಳಗ 100 ಕಿ.ಮೀ. ಸುಮಾರಿಗೆ ಇಳದು ಹಸಿರು ಬೆಳಕು ಕೊಡ್ತಾವ. ಬ್ಯಾಡಗಿಯವರ, ಬಸ್ಸಿನ ತಪ್ಪು ಒಪ್ಪಿದೆ.